ರಸ್ತೆ ಹಾಳಾಗಿದೆ ಅಂತ ರಸ್ತೆಯನ್ನೇ ಮುಚ್ಚಬೇಕಾ?

ನಮ್ಮ ಪಂಚಾಯಿತಿಯ ಸಾಮಾನ್ಯ ಸಭೆಗೆ ಈ ಸಲ ಬಂದ ಅಜೆಂಡಾದಲ್ಲಿ ಒಂದು ಸಾಲು ಇತ್ತು. ‘ಕೆರೆ ಕಡೆಯ ರಸ್ತೆ ಸಂಪೂರ್ಣ ಹಾಳಾಗಿರುವುದರಿಂದ ಸದರಿ ರಸ್ತೆಯನ್ನು ಮುಚ್ಚುವ ಬಗ್ಗೆ.’ ಅಷ್ಟೇ. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಯಾವ ಸರ್ವೆ ನಂಬರಿನ ಮೇಲೆ ಹೋಗುತ್ತದೆ, ಒಂದೂ ಇಲ್ಲ. ಆ ಒಂದು ಸಾಲಿನ ಮೇಲೆ ಎರಡು ಗಂಟೆ ಮಾತು ನಡೆಯಿತು, ದನಿ ಏರಿತು, ಕೊನೆಗೆ ಮುಂದಿನ ಗ್ರಾಮಸಭೆಗೆ ಇಡೋಣ ಅಂತ ಹೇಳಿ ಎಲ್ಲರೂ ಎದ್ದರು.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಊರಿನ ಹೆಸರು, ಪಂಚಾಯಿತಿಯ ಹೆಸರು ಬೇಡ. ಒಬ್ಬರ ಮೇಲೆ ತಪ್ಪು ಹೊರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಇಂಥ ರಸ್ತೆ ಚಿಂತಾಮಣಿ ಕಡೆಯೂ ಇದೆ, ಮುಳಬಾಗಿಲು ಕಡೆಯೂ ಇದೆ, ಮಧುಗಿರಿ, ಪಾವಗಡದ ಕಡೆ ಹೋದರೂ ಕಾಣುತ್ತದೆ. ಸಭೆಯಲ್ಲಿ ಕೂತು ಕೇಳಿದಾಗ ನನಗೆ ಅನ್ನಿಸಿದ್ದು ಇಷ್ಟು: ‘ಮುಚ್ಚುವುದು’ ಅನ್ನೋ ಮಾತನ್ನು ಒಬ್ಬೊಬ್ಬರೂ ಒಂದೊಂದು ಅರ್ಥದಲ್ಲಿ ಆಡುತ್ತಿದ್ದರು. ಅದನ್ನು ಬಿಡಿಸಿ ನೋಡದೆ ನಿರ್ಣಯ ಬರೆದರೆ, ಡಾಂಬರು ಹೋದ ರಸ್ತೆಯ ಜೊತೆಗೆ ದಾರಿಯ ಹಕ್ಕೂ ಹೋಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ರಸ್ತೆ ಹೇಗಿದೆ ಹೇಳುತ್ತೇನೆ. ಊರಿನಿಂದ ಹೊರಟು, ಕೆರೆ ಪಕ್ಕದಲ್ಲಿ ಹಾದು, ಹೊಲಗಳ ನಡುವೆ ಹೋಗಿ ಮುಖ್ಯ ರಸ್ತೆ ಸೇರಲು ಎರಡೂವರೆ ಕಿಲೋಮೀಟರ್ ಇರಬಹುದು. ನಾನು ಚಿಕ್ಕವನಿದ್ದಾಗ ಅದು ಬಂಡಿ ದಾರಿ. ಆಮೇಲೆ ಜಲ್ಲಿ ಬಿತ್ತು. ಆಮೇಲೆ ಒಂದು ಸಲ, ಒಂದೇ ಒಂದು ಸಲ, ಡಾಂಬರು ಬಿತ್ತು. ಈಗ ಆ ಡಾಂಬರು ಅಲ್ಲಲ್ಲಿ ಹಪ್ಪಳದ ಚೂರಿನ ಹಾಗೆ ಉಳಿದಿದೆ. ನಡುವೆ ಎದ್ದ ಜಲ್ಲಿ. ಎರಡೂ ಕಡೆಯಿಂದ ಜಾಲಿ ಬಾಗಿ ಒಳಕ್ಕೆ ಬಂದಿದೆ, ಬೈಕಲ್ಲಿ ಹೋದರೆ ತೋಳು ಗೀಚಿಸಿಕೊಂಡೇ ಹೋಗಬೇಕು. ಮಧ್ಯದಲ್ಲಿ ಒಂದು ಮೋರಿ ಇದೆ, ಅದರ ಕಲ್ಲುಚಪ್ಪಡಿ ಒಂದು ಕಡೆ ಮುರಿದು ಕೆಳಗಿನ ಹಳ್ಳ ಕಾಣುತ್ತದೆ. ಊರಿಗೆ ಇನ್ನೊಂದು ರಸ್ತೆ ಇದೆ, ಪಕ್ಕದ ಊರಿನ ಮೇಲೆ ಸುತ್ತಿಕೊಂಡು ಹೋಗುವಂಥದ್ದು, ಆರೂವರೆ ಕಿಲೋಮೀಟರ್. ಅದು ಚೆನ್ನಾಗಿದೆ. ಬಸ್ಸು, ಹಾಲಿನ ಗಾಡಿ ಎಲ್ಲ ಅದರಲ್ಲೇ ಬರುತ್ತವೆ.

ಮುಚ್ಚಬೇಕು ಅನ್ನುವವರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಸಭೆಯಲ್ಲಿ ಮೊದಲು ಎದ್ದು ನಿಂತ ಸದಸ್ಯರು ಆ ಮೋರಿಯ ವಿಷಯವನ್ನೇ ಎತ್ತಿದರು. ಮಳೆಗಾಲದಲ್ಲಿ ರಾತ್ರಿ ಹೊತ್ತು ಒಬ್ಬ ಹುಡುಗ ಬೈಕ್ ಸಮೇತ ಅದರೊಳಗೆ ಬಿದ್ದು ಕಾಲು ಮುರಿದುಕೊಂಡ. ‘ನಾಳೆ ಯಾರಾದರೂ ಸತ್ತರೆ ಪಂಚಾಯಿತಿ ಮೇಲೆ ಕೇಸು ಬೀಳುತ್ತೆ, ಆಗ ನೀವು ಬರ್ತೀರಾ?’ ಅಂತ ಕೇಳಿದರು. ಅವರ ಭಯ ನಿಜವಾದದ್ದು. ಇನ್ನೊಬ್ಬರು ದುಡ್ಡಿನ ಲೆಕ್ಕ ಇಟ್ಟರು: ಒಂದು ಊರಿಗೆ ಎರಡು ರಸ್ತೆ ನೋಡಿಕೊಳ್ಳೋಕೆ ಆಗಲ್ಲ, ಇರೋದನ್ನು ಒಂದಕ್ಕೇ ಹಾಕೋಣ. ಮೂರನೆಯವರು ಟಿಪ್ಪರ್ ಕಾಟ ತಾಳಲಾರದೆ ಮಾತಾಡಿದವರು. ಮುಖ್ಯ ರಸ್ತೆಯಲ್ಲಿ ಸುತ್ತಿಕೊಂಡು ಹೋಗುವುದನ್ನು ಉಳಿಸೋಕೆ ಕ್ರಷರ್ ಕಡೆಯ ಗಾಡಿಗಳು ಈ ದಾರಿಗೆ ನುಗ್ಗುತ್ತವೆ, ಧೂಳಿಗೆ ಸೊಪ್ಪೆಲ್ಲ ಬೆಳ್ಳಗಾಗುತ್ತದೆ, ರಸ್ತೆ ಮುಚ್ಚಿದರೆ ಅದಾದರೂ ತಪ್ಪುತ್ತೆ ಅನ್ನೋದು ಅವರ ವಾದ.

ಈಗ ಈ ಮೂರನ್ನೂ ಬೇರೆ ಬೇರೆ ಇಟ್ಟು ನೋಡಿ. ಮೊದಲನೆಯವರು ಕೇಳುತ್ತಿರುವುದು ಅಪಾಯ ಇರುವ ತನಕ ಓಡಾಟ ನಿಲ್ಲಿಸಿ ಅಂತ. ಎರಡನೆಯವರು ಕೇಳುತ್ತಿರುವುದು ಈ ರಸ್ತೆಗೆ ಖರ್ಚು ಮಾಡೋದು ಬೇಡ ಅಂತ. ಮೂರನೆಯವರಿಗೆ ಬೇಕಾಗಿರುವುದು ದೊಡ್ಡ ಗಾಡಿ ಬರದೇ ಇದ್ದರೆ ಸಾಕು. ಈ ಮೂವರಲ್ಲಿ ಯಾರೂ ‘ಇನ್ನು ಮುಂದೆ ಇಲ್ಲಿ ಜನಕ್ಕೆ ದಾರಿಯೇ ಇರಬಾರದು’ ಅಂತ ಕೇಳಿಲ್ಲ. ಆದರೆ ಅಜೆಂಡಾದಲ್ಲಿ ಬರೆದಿರುವುದು, ನಿರ್ಣಯ ಪಾಸಾದರೆ ಕಾಗದದ ಮೇಲೆ ಉಳಿಯುವುದು, ಆ ನಾಲ್ಕನೇ ಮಾತು. ಅದು ಬೇಕಾಗಿರುವವರು ಬೇರೆ ಇರುತ್ತಾರೆ. ಅವರು ಸಭೆಯಲ್ಲಿ ಮಾತಾಡುವುದು ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ.

ಪಂಚಾಯಿತಿ ನಿರ್ಣಯ ಮಾಡಿಬಿಟ್ಟರೆ ರಸ್ತೆ ಮುಚ್ಚಿಹೋಗುತ್ತದಾ? ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 67ನೇ ಕಲಂ ಪ್ರಕಾರ, ಬೇರೆ ಯಾರದೂ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ಬೀದಿ, ಓಣಿ, ದಾರಿ ಎಲ್ಲ ಸರ್ಕಾರದ ಸ್ವತ್ತು. ಅದೇ ಕಾಯ್ದೆಯ 68ನೇ ಕಲಂ ಇಂಥ ಒಂದು ರಸ್ತೆಯನ್ನು ಕೈಬಿಡುವುದು ಹೇಗೆ ಅಂತ ಹೇಳುತ್ತದೆ. ಆ ರಸ್ತೆ ಜನರ ಉಪಯೋಗಕ್ಕೆ ಬೇಕಿಲ್ಲ ಅಂತ ಸರ್ಕಾರಕ್ಕೆ ಕಂಡರೆ ಮೊದಲು ಅಧಿಸೂಚನೆ ಹೊರಡಿಸಬೇಕು. ಆಮೇಲೆ ಜಿಲ್ಲಾಧಿಕಾರಿ ಊರಲ್ಲಿ ಎಲ್ಲರಿಗೂ ಕಾಣುವ ಹಾಗೆ ನೋಟಿಸ್ ಕೊಡಿಸಬೇಕು, ಆಕ್ಷೇಪಣೆ ಹಾಕಲು ಕಾಲಾವಕಾಶ ಕೊಡಬೇಕು, ಬಂದ ಆಕ್ಷೇಪಣೆ ಕೇಳಬೇಕು. ಹಕ್ಕು ಕಳೆದುಕೊಳ್ಳುವವರಿಗೆ ಪರಿಹಾರದ ಪ್ರಶ್ನೆಯೂ ಅದರಲ್ಲೇ ಬರುತ್ತದೆ. ಇಷ್ಟು ಉದ್ದದ ದಾರಿ ಯಾಕೆ ಇಟ್ಟಿದ್ದಾರೆ ಅಂದರೆ, ಒಂದು ರಸ್ತೆ ಅನ್ನೋದು ಈಗಿನ ಹದಿನೈದು ಸದಸ್ಯರದ್ದಲ್ಲ, ಮುಂದೆ ಆ ಹೊಲ ಉಳುವವರದ್ದೂ ಹೌದು.

ಹಾಗಾದರೆ ಪಂಚಾಯಿತಿಗೆ ಏನೂ ಅಧಿಕಾರ ಇಲ್ಲವಾ ಅಂದರೆ, ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ (ಈಗ ಅದರ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ) ಊರಿನ ರಸ್ತೆ, ಚರಂಡಿ, ಮೋರಿ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಯ ಕೆಲಸಗಳಲ್ಲಿ ಒಂದು. ಅಂದರೆ ಮುರಿದ ಮೋರಿಗೆ ಅಡ್ಡ ಕಲ್ಲು ಇಟ್ಟು, ಕೆಂಪು ಬಣ್ಣ ಬಳಿದು, ಬೋರ್ಡು ಹಾಕಿ, ದುರಸ್ತಿ ಆಗುವವರೆಗೆ ಓಡಾಟ ತಡೆಯಬಹುದು. ತಡೆಯಲೇಬೇಕು. ಅದಕ್ಕೆ ನಿರ್ಣಯಕ್ಕೆ ಕಾಯಬೇಕಾಗಿಯೂ ಇರಲಿಲ್ಲ. ಕೇಸಿನ ಭಯಕ್ಕೆ ಉತ್ತರ ಅದು. ‘ರಸ್ತೆ ಮುಚ್ಚಿದ್ದೇವೆ’ ಅಂತ ಪುಸ್ತಕದಲ್ಲಿ ಬರೆದು ಮೋರಿಯನ್ನು ಹಾಗೇ ಬಾಯಿ ತೆರೆದು ಬಿಟ್ಟರೆ, ರಾತ್ರಿ ಬರುವ ಹುಡುಗನಿಗೆ ಆ ಪುಸ್ತಕ ಕಾಣುತ್ತಾ?

ಈ ರಸ್ತೆ ಯಾಕೆ ಅನಾಥ ಆಯಿತು ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮಲ್ಲಿ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಹಳ್ಳಿ ರಸ್ತೆಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕಡೆ, ಅಂದರೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಕಡೆ. ಊರೊಳಗಿನ ಬೀದಿ ಗ್ರಾಮ ಪಂಚಾಯಿತಿಗೆ. ನಮ್ಮ ರಸ್ತೆ ಅರ್ಧ ಕಿಲೋಮೀಟರ್ ಊರೊಳಗೆ, ಆಮೇಲೆ ಕೆರೆ ಏರಿಯ ಮೇಲೆ, ಆಮೇಲೆ ಹೊಲದ ನಡುವೆ. ಏರಿ ಮತ್ತೆ ಬೇರೆಯವರದ್ದು: 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟು (ಕೆರೆ ನೀರು ಹಾಯುವ ಜಮೀನು) ಇರುವ ಕೆರೆ ಜಿಲ್ಲಾ ಪಂಚಾಯಿತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಒಂದೇ ರಸ್ತೆಯ ಮೇಲೆ ನಡೆಯುತ್ತಾ ನಡೆಯುತ್ತಾ ಮೂರು ಕಚೇರಿಯ ಗಡಿ ದಾಟುತ್ತೇವೆ. ಹೋಗಿ ಕೇಳಿದರೆ ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ದೊಡ್ಡ ದುಡ್ಡು ಬರುವುದು ಯೋಜನೆಗಳಲ್ಲಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ನೇ ಇಸವಿಯ ಡಿಸೆಂಬರ್ 25ರಂದು ಶುರುವಾಯಿತು. ಅದರ ಮೂಲ ಉದ್ದೇಶ ಒಂದು ಜನವಸತಿಗೆ ಎಲ್ಲ ಕಾಲಕ್ಕೂ ಓಡಾಡಬಹುದಾದ ಒಂದು ರಸ್ತೆ. ಬಯಲುಸೀಮೆಯಲ್ಲಿ 500 ಜನಸಂಖ್ಯೆ ಇದ್ದ ಊರುಗಳಿಗೆ ಮೊದಲು. ಗಮನಿಸಬೇಕಾದದ್ದು ‘ಒಂದು’ ಅನ್ನೋ ಮಾತು. ನಮ್ಮೂರಿಗೆ ಆ ಸುತ್ತು ರಸ್ತೆ ಇದೆಯಲ್ಲ, ಹಾಗಾಗಿ ಲೆಕ್ಕದಲ್ಲಿ ನಮ್ಮೂರು ‘ಸಂಪರ್ಕ ಇರುವ ಊರು’. ಎರಡನೇ ರಸ್ತೆ ಎಷ್ಟೇ ಹತ್ತಿರದ್ದಾದರೂ, ಅದರಲ್ಲಿ ಎಷ್ಟೇ ಜನ ಹೊಲಕ್ಕೆ ಹೋದರೂ, ಆ ಲೆಕ್ಕದೊಳಗೆ ಬರಲ್ಲ. ಯೋಜನೆ ನೋಡುವುದು ಊರನ್ನು. ರೈತ ಓಡಾಡುವುದು ಊರಿಗೂ ಹೊಲಕ್ಕೂ ನಡುವೆ. ಈ ಎರಡರ ನಡುವಿನ ಸಂದಿಯಲ್ಲಿ ಬಿದ್ದ ರಸ್ತೆ ಇದು.

ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ದುಡ್ಡಿನ ಕಥೆಯೂ ಕೇಳಿ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ ಶೇ 40ರಲ್ಲಿ ಊರಿನ ಬೇರೆ ಎಲ್ಲ ಕೆಲಸ. ರಸ್ತೆಗೆ ಏನು ಉಳಿದೀತು? ಉದ್ಯೋಗ ಖಾತ್ರಿಯಲ್ಲಿ ಮಾಡೋಣ ಅಂದರೆ ಅಲ್ಲಿ ಕೂಲಿಗೆ 60, ಸಾಮಗ್ರಿಗೆ 40 ಅನ್ನೋ ಕಟ್ಟು ಇತ್ತು. ಗುತ್ತಿಗೆದಾರರಿಗೆ ಕೊಡೋ ಹಾಗಿರಲಿಲ್ಲ, ಆಳಿನ ಕೆಲಸ ಕಸಿಯುವ ಯಂತ್ರ ತರೋ ಹಾಗಿರಲಿಲ್ಲ. ಆ ಲೆಕ್ಕದಲ್ಲಿ ಡಾಂಬರು ಆಗುತ್ತಿರಲಿಲ್ಲ. ಆದರೆ ಮಣ್ಣಿನ ಕೆಲಸ, ಚರಂಡಿ ತೋಡುವುದು, ಜಂಗಲ್ ಕಡಿಯುವುದು ಧಾರಾಳವಾಗಿ ಆಗುತ್ತಿತ್ತು. ‘ನಮ್ಮ ಹೊಲ ನಮ್ಮ ದಾರಿ’ ಅಂತ ರಾಜ್ಯದಲ್ಲಿ ಹೊಲದ ದಾರಿಗಳನ್ನು ಮಾಡಿಕೊಂಡು ಬಂದದ್ದು ಉದ್ಯೋಗ ಖಾತ್ರಿಯಲ್ಲೇ.

ಇದರ ಮೇಲೆ ಇನ್ನೊಂದು ವಿಷಯ ಇದೆ, ಇದನ್ನು ಯಾಕೋ ಯಾರೂ ರಸ್ತೆಯ ಜೊತೆ ಸೇರಿಸಿ ಮಾತಾಡುವುದಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಅದಾದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೊದಲು ಇಂಥ ರಸ್ತೆಗೆ ಅರ್ಜಿ ಹಿಡಿದು ಹೋಗೋಕೆ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯರಾದರೂ ಇರುತ್ತಿದ್ದರು. ಅವರು ಮಾಡುತ್ತಿದ್ದರೋ ಬಿಡುತ್ತಿದ್ದರೋ, ಎದುರಿಗೆ ನಿಂತು ಕೇಳಬಹುದಿತ್ತು. ಆ ಜಾಗ ಖಾಲಿಯಾದ ಮೇಲೆ ಉಳಿದದ್ದು ಎರಡು ಬಾಗಿಲು: ಒಂದು ಶಾಸಕರದ್ದು, ಇನ್ನೊಂದು ದುಡ್ಡಿಲ್ಲದ ಗ್ರಾಮ ಪಂಚಾಯಿತಿಯದ್ದು. ಎರಡೂವರೆ ಕಿಲೋಮೀಟರ್ ರಸ್ತೆಗೆ ಇವೆರಡರ ನಡುವೆ ಅಲೆದಾಡುವುದೇ ಆಗಿದೆ.

ರಸ್ತೆ ಹೇಗೆ ಹಾಳಾಯಿತು ಅನ್ನುವುದು ಇದಕ್ಕಿಂತ ಸರಳ. ನೀರು. ಇಷ್ಟೇ. ನಮ್ಮ ಕಡೆ ಮಳೆ ಕಡಿಮೆ, ಆದರೆ ಬಂದಾಗ ಒಂದೇ ಸಲ ಸುರಿಯುತ್ತದೆ. ರಸ್ತೆಯ ಎರಡೂ ಬದಿ ಇದ್ದ ಚರಂಡಿಯನ್ನು ವರ್ಷ ವರ್ಷ ಒಂದೊಂದು ಸಾಲು ಉಳುತ್ತಾ ಹೊಲದೊಳಗೆ ಸೇರಿಸಿಕೊಂಡರು, ಬದು ರಸ್ತೆಯ ಅಂಚಿಗೇ ಬಂತು. ಈಗ ಹೊಲ ಎತ್ತರ, ರಸ್ತೆ ತಗ್ಗು. ಮಳೆ ಬಂದರೆ ಅಕ್ಕಪಕ್ಕದ ನೀರೆಲ್ಲ ರಸ್ತೆಗೇ ಇಳಿದು ಅಲ್ಲೇ ನಿಲ್ಲುತ್ತದೆ, ಡಾಂಬರಿನ ಅಡಿಯ ಮಣ್ಣು ಮೆತ್ತಗಾಗುತ್ತದೆ, ಮೇಲೆ ಗಾಡಿ ಹೋದರೆ ಕುಸಿಯುತ್ತದೆ.

ಇನ್ನೊಂದು ಕಾರಣ ನಮ್ಮ ಜಿಲ್ಲೆಗಳಿಗೇ ಸೇರಿದ್ದು. ಎಷ್ಟೋ ವರ್ಷ ಕೆರೆಗಳು ಒಣಗಿಯೇ ಇದ್ದವು. ಜನ ಕೆರೆ ಅಂಗಳದಲ್ಲೇ ದಾರಿ ಮಾಡಿಕೊಂಡು ಓಡಾಡಿದರು, ಏರಿ ಮೇಲಿನ ದಾರಿಯನ್ನು ಮರೆತರು. ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿ ನೀರು ಬಂತು, ಚಿಕ್ಕಬಳ್ಳಾಪುರದ ಕೆರೆಗಳಿಗೆ ಎಚ್.ಎನ್. ವ್ಯಾಲಿ ನೀರು ಬಂತು; ಎರಡೂ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಯೋಜನೆಗಳು. ಅದರ ಮೇಲೆ 2021ರ ನವೆಂಬರ್ ಮಳೆ. ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆದ ವರ್ಷ ಅದು, ಮರೆಯೋಕೆ ಆಗಲ್ಲ. ಕೋಡಿಯನ್ನೇ ಕಾಣದಿದ್ದ ಕೆರೆಗಳು ಕೋಡಿ ಬಿದ್ದವು, ಕೋಡಿ ಕೆಳಗಿನ ದಾರಿ, ಮೋರಿ ಎಲ್ಲ ಕೊಚ್ಚಿಹೋದವು. ನಮ್ಮ ಮೋರಿಗೆ ಮೊದಲ ಪೆಟ್ಟು ಬಿದ್ದದ್ದೂ ಆಗಲೇ. ಕೆರೆ ತುಂಬಿದ್ದು ಬದುಕಿಗೆ ಒಳ್ಳೆಯದೇ, ಬೋರ್‌ವೆಲ್‌ಗಳು ಎದ್ದು ಕೂತವು. ಆದರೆ ಒಣ ಕೆರೆಯ ಕಾಲದಲ್ಲಿ ಮಾಡಿದ ದಾರಿಗಳನ್ನು ತುಂಬಿದ ಕೆರೆಯ ಕಾಲಕ್ಕೆ ಯಾರೂ ಹೊಂದಿಸಲಿಲ್ಲ.

ಆಮೇಲೆ ಟಿಪ್ಪರ್. ಹತ್ತು ಚಕ್ರದ ಟಿಪ್ಪರ್‌ಗೆ 2018ರಲ್ಲಿ ಕೇಂದ್ರ ಸರ್ಕಾರ ಒಟ್ಟು ತೂಕದ ಮಿತಿಯನ್ನು 25ರಿಂದ 28.5 ಟನ್‌ಗೆ ಏರಿಸಿತು. ಅದು ಕಾನೂನಿನ ಮಿತಿ, ಕ್ವಾರಿಯಿಂದ ಹೊರಡುವ ಗಾಡಿ ಅದರೊಳಗೇ ಇರುತ್ತದಾ ಅಂತ ರಸ್ತೆ ಬದಿಯಲ್ಲಿ ನಿಂತು ನೋಡಿದವರಿಗೆ ಗೊತ್ತು. ಗಾಡಿಯ ತೂಕಕ್ಕೂ ರಸ್ತೆಯ ಹಾನಿಗೂ ಇರುವ ಸಂಬಂಧ ನೇರದ್ದಲ್ಲ. ಇಂಜಿನಿಯರುಗಳ ಸುಮಾರು ಲೆಕ್ಕದಲ್ಲಿ ಒಂದು ಆಕ್ಸೆಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹದಿನಾರು ಪಟ್ಟು. ಒಂದೂವರೆ ಪಟ್ಟಾದರೂ ಐದು ಪಟ್ಟು ಹಾನಿ. ಹಾಗಾಗಿ ಊರಿನ ಟ್ರ್ಯಾಕ್ಟರು, ಬೈಕು, ಹಾಲಿನ ಆಟೋ ವರ್ಷವಿಡೀ ಓಡಾಡಿ ಮಾಡುವ ಸವೆತವನ್ನು ಈ ಗಾಡಿಗಳು ಕೆಲವೇ ವಾರದಲ್ಲಿ ಮಾಡಿ ಹೋಗುತ್ತವೆ. ರಸ್ತೆ ಹಾಳು ಮಾಡಿದವರು ಒಬ್ಬರು, ರಸ್ತೆ ಮುಚ್ಚಿದರೆ ಕಳೆದುಕೊಳ್ಳುವವರು ಇನ್ನೊಬ್ಬರು. ಈ ಚರ್ಚೆಯಲ್ಲಿ ನನಗೆ ಜಾಸ್ತಿ ನೋವಾದದ್ದು ಇಲ್ಲೇ.

ಯಾರು ಕಳೆದುಕೊಳ್ಳುತ್ತಾರೆ ಅಂತ ಸಭೆಯಲ್ಲಿ ಕೇಳಿದಾಗ ‘ಈಗ ಆ ಕಡೆ ಯಾರು ಹೋಗ್ತಾರೆ ಬಿಡಿ’ ಅಂತ ಒಬ್ಬರು ಹೇಳಿದರು. ನಮ್ಮ ಚಿಕ್ಕಮ್ಮ ಹೋಗುತ್ತಾರೆ. ಅವರ ಎರಡು ಎಕರೆ ಹಿಪ್ಪುನೇರಳೆ ತೋಟ ಆ ರಸ್ತೆಯ ಮೇಲೆ, ಮೋರಿ ದಾಟಿದ ಮೇಲಿದೆ. ಹುಳು ಮನೆ ಊರಲ್ಲಿದೆ. ರೇಷ್ಮೆ ಮಾಡುವವರಿಗೆ ಹೇಳಬೇಕಾಗಿಲ್ಲ: ನಾಲ್ಕನೇ ಜ್ವರ (ಹುಳು ಕೊನೆಯ ಸಲ ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳು ತಿನ್ನೋದು ನೋಡೋಕಾಗಲ್ಲ, ಆ ಒಂದು ವಾರ ಸೊಪ್ಪು ಹಾಕುವುದೇ ಕೆಲಸ. ಬೆಳಿಗ್ಗೆ ಕತ್ತರಿಸಿದ ಕಡ್ಡಿಯನ್ನು ಒದ್ದೆ ಗೋಣಿ ಮುಚ್ಚಿ ಬಿಸಿಲೇರುವ ಮುಂಚೆ ಮನೆಗೆ ತರಬೇಕು. ಮೊದಲು ಆಟೋ ತೋಟದ ತನಕ ಹೋಗುತ್ತಿತ್ತು. ಈಗ ಮೋರಿ ಹತ್ತಿರವೇ ನಿಲ್ಲಿಸುತ್ತಾರೆ. ಚಿಕ್ಕಮ್ಮ ಮತ್ತು ಇಬ್ಬರು ಆಳು ಅಲ್ಲಿವರೆಗೆ ತಲೆ ಮೇಲೆ ಹೊರೆ ಹೊತ್ತು ಬರುತ್ತಾರೆ. ಚಪ್ಪಡಿ ಮುರಿದ ಕಡೆ ಹೊರೆ ಇಳಿಸಿ, ಒಬ್ಬರು ದಾಟಿ ನಿಂತು, ಒಂದೊಂದೇ ಕೈಗೆ ಕೊಟ್ಟು, ಮತ್ತೆ ಹೊರುತ್ತಾರೆ. ಸುತ್ತು ರಸ್ತೆಯಲ್ಲಿ ಆಟೋ ಕಳಿಸೋಣ ಅಂದರೆ ಆರೂವರೆ ಕಿಲೋಮೀಟರ್ ಹೋಗಿ ಆ ಕಡೆಯಿಂದ ಒಳಗೆ ಬರಬೇಕು, ಬಾಡಿಗೆ ಗಿಟ್ಟಲ್ಲ. ನಾನು ರಸ್ತೆ ಮುಚ್ಚುವ ಮಾತು ಹೇಳಿದಾಗ ಅವರು ಕೇಳಿದ್ದು ಒಂದೇ: ‘ಬಾಡಿದ ಸೊಪ್ಪು ಹುಳು ಮುಟ್ಟಲ್ಲ ಕಣಪ್ಪಾ, ಇದು ಅವರಿಗೆ ಯಾರಾದ್ರೂ ಹೇಳಿದ್ರಾ?’

ಯಾರೂ ಹೇಳಿರಲಿಲ್ಲ. ಆ ಸಭೆಯಲ್ಲಿ ಆ ರಸ್ತೆಯ ಮೇಲೆ ಜಮೀನಿರುವ ಒಬ್ಬ ಹೆಂಗಸೂ ಇರಲಿಲ್ಲ.

ಇನ್ನು ಮೊದಲೇ ಹೇಳಿದ, ಸಭೆಯಲ್ಲಿ ಮಾತಾಡದವರ ವಿಷಯ. ಎರಡೂ ಬದಿಯಲ್ಲಿ ಜಮೀನಿದ್ದು ನಡುವೆ ರಸ್ತೆ ಹೋಗುವವರಿಗೆ ರಸ್ತೆ ಇಲ್ಲವಾದರೆ ಎರಡು ತುಂಡು ಒಂದಾಗುತ್ತದೆ. ಬೆಂಗಳೂರಿನಿಂದ ಇಷ್ಟು ಹತ್ತಿರದಲ್ಲಿ, ಜಮೀನಿನ ಬೆಲೆ ಹೀಗೆ ಏರಿರುವಾಗ, ಒಟ್ಟಾದ ಜಮೀನಿಗೆ ಬರುವ ಬೆಲೆಯೇ ಬೇರೆ. ಎಲ್ಲರಿಗೂ ಆ ಆಸೆ ಇದೆ ಅಂತ ಹೇಳುತ್ತಿಲ್ಲ. ಆದರೆ ‘ಪಂಚಾಯಿತಿಯೇ ಮುಚ್ಚಿದೆ’ ಅನ್ನೋ ಒಂದು ಕಾಗದ ಸಿಕ್ಕಿದರೆ ಬೇಲಿ ಹಾಕೋಕೆ ಧೈರ್ಯ ಬರುತ್ತದೆ. ಬೇಲಿ ಬಿದ್ದು ಹತ್ತು ವರ್ಷ ಆದಮೇಲೆ ಅಲ್ಲಿ ದಾರಿ ಇತ್ತು ಅಂತ ಹೇಳುವವರ ಹತ್ತಿರ ನೆನಪು ಮಾತ್ರ ಉಳಿಯುತ್ತದೆ, ದಾಖಲೆ ಹುಡುಕುವ ಕೆಲಸ ಅವರದ್ದಾಗುತ್ತದೆ.

ದಾಖಲೆ ಇದೆ, ಅದನ್ನು ಈಗಲೇ ತೆಗೆದಿಡಬೇಕು. ಪಹಣಿಯ ಮೂರನೇ ಕಾಲಂನಲ್ಲಿ ವಿಸ್ತೀರ್ಣದ ಕೆಳಗೆ ಖರಾಬು ಅಂತ ಇರುತ್ತದೆ. ‘ಎ’ ಖರಾಬು ಅಂದರೆ ಬೇಸಾಯಕ್ಕೆ ಬಾರದ ಜಾಗ, ಬಂಡೆ ಗಿಂಡೆ ಇರುವಂಥದ್ದು. ‘ಬಿ’ ಖರಾಬು ಅಂದರೆ ರಸ್ತೆ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಕೆಲಸಕ್ಕೆ ಬಿಟ್ಟದ್ದು, ಜಮೀನಿನವರಿಗೆ ಅದರ ಮೇಲೆ ಹಕ್ಕಿಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿ ದಾರಿಯನ್ನು ಎರಡು ಚುಕ್ಕಿ ಸಾಲಿನಲ್ಲಿ, ಕಾಲು ದಾರಿಯನ್ನು ಒಂದು ಚುಕ್ಕಿ ಸಾಲಿನಲ್ಲಿ ತೋರಿಸಿರುತ್ತಾರೆ. ಕಂದಾಯ ಇಲಾಖೆಯ ಜಾಲತಾಣದಿಂದ ನಕಾಶೆ ಇಳಿಸಿಕೊಳ್ಳಬಹುದು, ‘ದಿಶಾಂಕ್’ ಆ್ಯಪ್ ಹಿಡಿದು ರಸ್ತೆ ಮೇಲೆ ನಡೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಅಂತ ಕಾಣುತ್ತದೆ. ನಕಾಶೆಯಲ್ಲಿರುವ ದಾರಿ ಕಾಲ ಕಳೆದ ಮಾತ್ರಕ್ಕೆ ಅಳಿಸಿಹೋಗಲ್ಲ. ನಕಾಶೆಯಲ್ಲಿಲ್ಲದೆ ಇನ್ನೊಬ್ಬರ ಜಮೀನಿನಲ್ಲಿ ಬರೀ ಓಡಾಡಿ ಆದ ದಾರಿಯ ಮಾತೇ ಬೇರೆ: ಅಲ್ಲಿ 1882ರ ಅನುಭೋಗ ಹಕ್ಕಿನ ಕಾಯ್ದೆ ಬರುತ್ತದೆ, 20 ವರ್ಷ ತಡೆಯಿಲ್ಲದೆ ಓಡಾಡಿದ್ದನ್ನು ತೋರಿಸಬೇಕು, ಕೋರ್ಟಿಗೆ ಅಲೆಯಬೇಕು. ನಮ್ಮದು ಯಾವುದು ಅಂತ ನೋಡದೆ ಮುಚ್ಚುವ ಮಾತಾಡುವುದೇ ತಪ್ಪು.

ಹಾಗಾದರೆ ಏನು ಮಾಡಬೇಕು? ಸಭೆಯಲ್ಲಿ ಎರಡೇ ಆಯ್ಕೆ ಇದ್ದ ಹಾಗೆ ಮಾತು ನಡೆಯಿತು, ಡಾಂಬರು ಹಾಕಿ ಇಲ್ಲಾ ಮುಚ್ಚಿ ಅಂತ. ಡಾಂಬರಿಗೆ ದುಡ್ಡಿಲ್ಲ, ಆದ್ದರಿಂದ ಮುಚ್ಚಿ. ನಾನು ಒಪ್ಪಲ್ಲ. ಡಾಂಬರು ಹಾಕಲು ಆಗದಿದ್ದರೆ ಆ ರಸ್ತೆಯನ್ನು ಒಳ್ಳೆಯ ಮಣ್ಣು ರಸ್ತೆಯಾಗಿ ಉಳಿಸಿ. ಇದು ಹಿಂದಕ್ಕೆ ಹೋದ ಹಾಗೆ ಅಂತ ಕೆಲವರಿಗೆ ಅವಮಾನ ಅನ್ನಿಸಬಹುದು. ಆದರೆ ಗುಂಡಿ ಬಿದ್ದ ಡಾಂಬರು ರಸ್ತೆಗಿಂತ ನೀರು ನಿಲ್ಲದ ಗ್ರಾವೆಲ್ ರಸ್ತೆ ಎಷ್ಟೋ ವಾಸಿ, ಮತ್ತು ಅದನ್ನು ಊರಿನವರೇ ಸರಿ ಮಾಡಿಕೊಳ್ಳಬಹುದು. ಉಳಿದಿರುವ ಡಾಂಬರನ್ನು ಕಿತ್ತು, ಅದೇ ಜಲ್ಲಿಯ ಮೇಲೆ ಗ್ರಾವೆಲ್ ಹಾಸಿ, ನೀರು ಹೊಡೆದು ರೋಲರ್ ಓಡಿಸಬೇಕು. ರೋಲರ್ ಬಾಡಿಗೆಯಷ್ಟನ್ನು ಹಣಕಾಸು ಆಯೋಗದ ಆ ಶೇ 40ರಂಥ ದುಡ್ಡಿನಲ್ಲಿ ಹೊಂದಿಸಬಹುದು. ಮುಖ್ಯವಾದದ್ದು ಆಕಾರ. ಮಣ್ಣಿನ ರಸ್ತೆಗೆ ಮಧ್ಯದಿಂದ ಅಂಚಿಗೆ ಶೇ 4ರಿಂದ 5ರಷ್ಟು ಇಳಿಜಾರು ಬೇಕು. ಮೂರು ಮೀಟರ್ ಅಗಲದ ರಸ್ತೆಯಲ್ಲಿ ಇದು ಲೆಕ್ಕ ಹಾಕಿದರೆ ಮಧ್ಯ ಭಾಗ ಅಂಚಿಗಿಂತ ನಾಲ್ಕು ಬೆರಳು ಎತ್ತರ. ಆ ನಾಲ್ಕು ಬೆರಳು, ಎರಡು ಬದಿಗೆ ಚರಂಡಿ, ಮತ್ತೆ ಮೋರಿಗೆ ಹೊಸ ಚಪ್ಪಡಿ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಂದು ಸಲ ಚರಂಡಿ ತೆಗೆದು, ಗುಂಡಿ ಬಿದ್ದ ಕಡೆ ಗ್ರಾವೆಲ್ ತುಂಬಬೇಕು. ಇದನ್ನು ಮಾಡದಿದ್ದರೆ ಇದೂ ಮೂರು ವರ್ಷಕ್ಕೆ ಹೋಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಟಿಪ್ಪರ್ ತಡೆಯುವ ದಾರಿಯೂ ಕಾನೂನಿನಲ್ಲಿದೆ. ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಂ ಪ್ರಕಾರ ಒಂದು ರಸ್ತೆಯಲ್ಲಿ ಇಂಥ ಗಾಡಿ ಹೋಗಬಾರದು ಅಂತ ನಿರ್ಬಂಧ ಹಾಕಬಹುದು. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನ ನಿಲ್ಲಿಸಿ ಜಿಲ್ಲಾಧಿಕಾರಿಗಳು ಆದೇಶ ಮಾಡಿದ್ದು ಇದೇ ಕಲಂ ಹಿಡಿದು. ನಮ್ಮ ಪಂಚಾಯಿತಿ ಮಾಡಬೇಕಾದ ನಿರ್ಣಯ ಇದು: ‘ಈ ರಸ್ತೆಯಲ್ಲಿ ಭಾರಿ ವಾಹನ ನಿಷೇಧಿಸಬೇಕೆಂದು ಜಿಲ್ಲಾಧಿಕಾರಿಗಳನ್ನು ಕೋರುವುದು.’ ಆದೇಶ ಬಂದ ಮೇಲೆ ಎರಡೂ ತುದಿಯಲ್ಲಿ ಕಲ್ಲು ಕಂಬ ನೆಡಬಹುದು, ನಮ್ಮ ಕಡೆ ಕಲ್ಲು ಕಂಬಕ್ಕೇನೂ ಬರ ಇಲ್ಲ. ಟಿಪ್ಪರ್ ಅಗಲ ಎರಡೂವರೆ ಮೀಟರ್ ಹತ್ತಿರ. ಕಂಬಗಳ ನಡುವೆ ಅದಕ್ಕಿಂತ ಒಂದು ಅಡಿ ಕಡಿಮೆ ಬಿಟ್ಟರೆ ಸಾಮಾನ್ಯ ಟ್ರ್ಯಾಕ್ಟರು, ಹಾಲಿನ ಆಟೋ, ಆಂಬುಲೆನ್ಸ್ ಹೋಗುತ್ತವೆ, ಟಿಪ್ಪರ್ ಹೋಗಲ್ಲ. ಅಗ್ನಿಶಾಮಕ ಗಾಡಿಗೆ ತೊಂದರೆ ಆಗುತ್ತದೆ, ಹಾಗಾಗಿ ಒಂದು ಕಂಬ ಕಿತ್ತಿಡುವ ಹಾಗೆ ಇರಬೇಕು, ಅದರ ಬೀಗದ ಕೈ ಯಾರ ಹತ್ತಿರ ಅಂತಲೂ ಬರೆದಿಡಬೇಕು. ಮಿತಿ ಮೀರಿ ಭಾರ ಹೇರಿದ ಗಾಡಿಗೆ 2019ರ ತಿದ್ದುಪಡಿಯ ನಂತರ 20 ಸಾವಿರ ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್‌ಗೆ 2 ಸಾವಿರ ಬೇರೆ. ಗಣಿ, ಕ್ವಾರಿಗಳಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ರಸ್ತೆ ಕೆಲಸಕ್ಕೂ ಅವಕಾಶ ಇದೆ. ಮೋರಿಯ ದುಡ್ಡಿಗೆ ಅಲ್ಲೂ ಒಂದು ಅರ್ಜಿ ಕೊಡಲೇಬೇಕು.

ಗ್ರಾಮಸಭೆಗೆ ಮುಂಚೆ ವಾರ್ಡ್ ಸಭೆ ಇರುತ್ತದೆ. ನಮ್ಮೂರಿನವರಿಗೆ ನಾನು ಕೇಳಿಕೊಳ್ಳುವುದು, ಅದಕ್ಕೆ ಬನ್ನಿ. ಮುಖ್ಯವಾಗಿ ಆ ರಸ್ತೆಯ ಮೇಲೆ ತೋಟ ಇರುವ ಹೆಂಗಸರು ಬರಬೇಕು, ಬೇಕಿದ್ದರೆ ಸೊಪ್ಪು ಹಾಕುವ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಸಭೆ ಇಡಿ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳೋಣ. ಹಿಂದಿನ ಸಭೆಯ ನಡಾವಳಿಯಲ್ಲಿ ಈ ವಿಷಯ ಏನಂತ ಬರೆದಿದ್ದಾರೆ ಅಂತ ನಕಲು ತೆಗೆಸಬೇಕು. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಲೇಬೇಕು. ‘ಮುಚ್ಚುವುದು’ ಅನ್ನೋ ಪದ ನಡಾವಳಿಯಲ್ಲಿ ಎಲ್ಲೂ ಉಳಿಯಬಾರದು, ‘ಮೋರಿ ದುರಸ್ತಿಯಾಗುವವರೆಗೆ ತಾತ್ಕಾಲಿಕವಾಗಿ’ ಅಂತ ಇರಬೇಕು. ಅದರ ಜೊತೆಗೆ ರಸ್ತೆಯ ಪೂರ್ತಿ ಉದ್ದಕ್ಕೂ ಸರ್ವೆ ಮಾಡಿಸಿ ಬಾಂದು ಕಲ್ಲು (ಗಡಿ ಕಲ್ಲು) ಹಾಕಿಸಬೇಕು ಅಂತ ತಹಶೀಲ್ದಾರರಿಗೆ ಅರ್ಜಿ. ಅರ್ಜಿಗೆ ಈಗಾಗಲೇ ಇಪ್ಪತ್ತಮೂರು ಜನ ಸಹಿ ಹಾಕಿದ್ದಾರೆ. ಎರಡೂ ಬದಿ ಜಮೀನಿರುವವರಲ್ಲಿ ಇಬ್ಬರು ತಾವಾಗಿಯೇ ಬಂದು ಹಾಕಿದರು, ಅದು ನನಗೆ ಬಹಳ ಸಮಾಧಾನ ತಂದಿತು.

ನಕಾಶೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಮನೆಗೆ ತಂದಿದ್ದೆ. ಚಿಕ್ಕಮ್ಮನಿಗೆ ಓದೋಕೆ ಬರಲ್ಲ. ಕೆರೆ ಎಲ್ಲಿದೆ ಅಂತ ಕೇಳಿದರು, ತೋರಿಸಿದೆ. ಅಲ್ಲಿಂದ ಬೆರಳಿಟ್ಟು ಎರಡು ಚುಕ್ಕಿ ಸಾಲಿನ ನಡುವೆ ನಿಧಾನವಾಗಿ ಸರಿಸಿಕೊಂಡು ಹೋಗಿ, ಒಂದು ಕಡೆ ನಿಲ್ಲಿಸಿ ‘ಮೋರಿ ಇಲ್ಲಿ ಬರ್ತದೆ’ ಅಂದರು. ಅಳತೆ ಹಿಡಿದು ನೋಡಿದೆ, ಅಲ್ಲೇ ಬರುತ್ತದೆ.